ಕೋರೆಬಂದರಿನ ಮೊದಲ ಕಾನೂನು

ಕೋರೆಬಂದರಿನಲ್ಲಿ ರಕ್ಕಸರದೇ ಆಳ್ವಿಕೆ. ಕಾನೂನು ಅನ್ನೋದು ಒಂದೂ ಇರಲಿಲ್ಲ. ಒಡೆಯ ಮೂರು ಸಲ ಕೂಗಿ ಹೇಳಿದ ಮಾತನ್ನು ಮಾತ್ರ ಒಡೆಯನೂ ಮೀರುವಂತಿರಲಿಲ್ಲ.

ಅಲ್ಲೊಬ್ಬ ಅಂಬಿಗ. ಅವನ ದೋಣಿಗೆ ತೀರಿಹೋದ ಹೆಂಡತಿ ಬಣ್ಣ ಬಳಿದಿದ್ದಳು. ಅದು ಬಿಟ್ಟರೆ ಅವನಿಗೆ ಬೇರೇನೂ ಉಳಿದಿರಲಿಲ್ಲ.

ಒಂದು ದಿನ ರಕ್ಕಸರ ಒಡೆಯ ಮೊರಡ ಬಂದು ದೋಣಿಯಲ್ಲಿ ಕೂತ.

"ಏ ಅಂಬಿಗ, ಇದಿನ್ನು ನನ್ನ ದೋಣಿ. ಬೇಡ ಅನ್ನೋಕೆ ಯಾವ ಕಾನೂನಿದೆಯೋ?"

"ಯಾವುದೂ ಇಲ್ಲ ಒಡೆಯಾ. ಕೂತಿರಿ, ಒಂದು ಸುತ್ತು ಹಾಕಿಸ್ತೀನಿ."

ನಡುನೀರಿಗೆ ಬಂದಾಗ ಅಂಬಿಗ ಬಗ್ಗಿದ. ದೋಣಿಯ ತಳದ ತೂತಿಗೆ ಹಾಕಿದ್ದ ಮರದ ಬಿರಡೆ ಕಿತ್ತು, ಕಡಲಿನ ಮೇಲೆ ಚಾಚಿ ಹಿಡಿದ. ನೀರು ಬುಳುಬುಳು ಒಳಗೆ ಬಂತು.

ಮೊರಡನಿಗೆ ಈಜು ಬಾರದು. "ಹಾಕೋ ಅದನ್ನ!" ಅಂತ ಕಿರುಚಿದ.

"ದೋಣಿ ನಿಮ್ಮದು ಒಡೆಯಾ. ಬಿರಡೆ ನಾನು ಕೆತ್ತಿದ್ದು. ಹಾಕು ಅನ್ನೋಕೆ ಕಾನೂನೆಲ್ಲಿದೆ? ನನ್ನ ಮೇಲೆ ಬಿದ್ದರೆ ಇದು ಕೈಜಾರಿ ಕಡಲಿಗೆ ಹೋಗುತ್ತೆ."

ನೀರು ಮೊಣಕಾಲಿಗೆ ಬಂತು.

"ಈಗ ಮಾಡ್ದೆ ಕಣಯ್ಯಾ ಕಾನೂನು! ಯಾರ ದೋಣೀನೂ ಯಾರೂ ಕಿತ್ಕೋಬಾರ್ದು!"

"ದಡದೋರಿಗೆ ಸರಿಯಾಗಿ ಕೇಳಲಿಲ್ಲ ಒಡೆಯಾ. ಇನ್ನೂ ಎರಡು ಸಲ."

ಬಂದರೆಲ್ಲ ನಡುಗೋ ಹಾಗೆ ಮೊರಡ ಅದನ್ನೇ ಇನ್ನೆರಡು ಸಲ ಕೂಗಿದ.

ಅಂಬಿಗ ಬಿರಡೆ ಜಡಿದು, ಹಳೇ ಡಬ್ಬ ಒಡೆಯನ ಕೈಗಿಟ್ಟ.

"ಬೇಗ ನೀರು ಮೊಗೀರಿ. ಅವಳು ಬಳಿದ ಬಣ್ಣ ಕೆಡುತ್ತೆ."