ಹೊನ್ನೇಗ ಅಡ್ಜಸ್ಟ್ ಮಾಡ್ಕೊಂಡದ್ದು

ಹ್ಞೂಂ ಅನ್ನೋರು ಹ್ಞೂಂ ಅನ್ನಿ, ನಿದ್ದೆ ಬಂದೋರು ಮಲಗಿ. ಕತೆಯಂತೂ ಶುರುವಾಯ್ತು.

ಲಕ್ಕಮ್ಮನಿಗೆ ಒಬ್ಬನೇ ಮಗ, ಹೊನ್ನೇಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ. ಹೇಗೋ ಒಂದು ಹೆಣ್ಣು ಗೊತ್ತಾಯಿತು, ಪುಟ್ಟತಾಯಿ ಅಂತ. ಹುಡುಗಿ ಒಪ್ಪಿದಳು, ಅವರಪ್ಪ ಮಾತ್ರ ಬೆರಳು ತೋರಿಸಿ ಹೇಳಿದ: "ಲಕ್ಕಮ್ಮಾ, ತಾಳಿ ಕಟ್ಟೋವರೆಗೆ ನಿನ್ನ ಮಗ ಒಂದು ಎಡವಟ್ಟು ಮಾಡಿದರೂ ನನ್ನ ಮಗಳನ್ನು ಕೊಡಲ್ಲ!"

ಆಗ ಊರಲ್ಲಿ ಒಂದು ಇಂಗ್ಲಿಷ್ ಮಾತು ಓಡಾಡುತ್ತಿತ್ತು, 'ಅಡ್ಜಸ್ಟ್' ಅಂತ. ಬಿಳಿಯರು ಬಿಟ್ಟುಹೋದದ್ದೋ ಏನೋ, ನಮ್ಮೂರಿಗೆ ಬಂದದ್ದು ಬಸ್ಸಲ್ಲಿ, ಅದೂ ಟಿಕೆಟ್ಟಿಲ್ಲದೆ. ಸೀಟಿಲ್ಲವೇ? ಅಡ್ಜಸ್ಟ್ ಮಾಡ್ಕೊಳ್ಳಿ. ಚಿಲ್ಲರೆ ಇಲ್ಲವೇ? ಅಡ್ಜಸ್ಟ್ ಮಾಡ್ಕೊಳ್ಳಿ. ಸಾರಿಗೆ ಉಪ್ಪು ಕಮ್ಮಿಯೇ? ಅಡ್ಜಸ್ಟ್ ಮಾಡ್ಕೊಳ್ಳಿ. ಊರಿಗೆ ಊರೇ ಕಲಿತಿತ್ತು, ಹೊನ್ನೇಗನನ್ನು ಬಿಟ್ಟು.

ಮದುವೆ ಸೀರೆ ತರಲು ತಾಯಿ ಮಗ ಬಸ್ಸು ಹತ್ತಿದರು. ಹೊನ್ನೇಗ ಕಾಲು ಚಾಚಿ ಕೂತ. ಒಬ್ಬ ದಪ್ಪ ಹೆಂಗಸು ಬಂದು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಪ್ಪ" ಅಂದಳು.

"ನನ್ನ ಹತ್ರ ಇಲ್ಲ ಕಣಕ್ಕ, ಅವ್ವನ ಚೀಲದಲ್ಲಿ ಕೇಳು!"

ಬಸ್ಸಿಗೆ ಬಸ್ಸೇ ನಕ್ಕಿತು. ಲಕ್ಕಮ್ಮ ತಲೆಗೆ ಮೊಟಕಿದಳು. "ಮಂಕೇ! ಅಡ್ಜಸ್ಟ್ ಅಂದ್ರೆ ಸರಿದು ಇನ್ನೊಬ್ಬರಿಗೆ ಜಾಗ ಬಿಡೋದು ಕಣೋ!"

"ಹಂಗಾ? ಸರಿ ಕಣವ್ವ!"

ಮಾರನೇ ದಿನ ಮದುವೆ ಅಕ್ಕಿಗೆ ರೇಷನ್ ಅಂಗಡಿಗೆ ಕಳಿಸಿದಳು. ಸಾಲಲ್ಲಿ ಹೊನ್ನೇಗನೇ ಮೊದಲು. ಹಿಂದೆ ಒಬ್ಬ ಬಂದ, ಸರಿದು ಜಾಗ ಬಿಟ್ಟ. ಇನ್ನೊಬ್ಬ ಬಂದ, ಅವನಿಗೂ ಬಿಟ್ಟ. ಬಂದವರಿಗೆಲ್ಲ ಬಿಟ್ಟ, ಬಿಟ್ಟ, ಬಿಟ್ಟ. ಇವನ ಸರದಿ ಬಂದಾಗ ಅಂಗಡಿಗೆ ಬೀಗ!

"ಅಕ್ಕಿ ಎಲ್ಲೋ?"

"ಅಡ್ಜಸ್ಟ್ ಮಾಡ್ಬಿಟ್ಟೆ ಕಣವ್ವ!"

"ನಿನ್ನ ಬುದ್ಧಿಗಿಷ್ಟು! ಎಲ್ಲರಿಗೂ ಅಲ್ಲ ಕಣೋ, ವಯಸ್ಸಾದವರಿಗೆ ಮಾತ್ರ!"

"ಹಂಗಾ? ಸರಿ ಕಣವ್ವ!"

ಮದುವೆ ಹಿಂದಿನ ದಿನ ಕ್ಷೌರಕ್ಕೆ ಹೋದ. ಒಂದು ಕಡೆ ಮೀಸೆ ತೆಗೆದಾಗಿತ್ತು, ಅಷ್ಟರಲ್ಲಿ ಒಬ್ಬ ಮುದುಕ ಒಳಗೆ ಬಂದ. ಹೊನ್ನೇಗ ಚಂಗನೆ ಎದ್ದ. "ಕೂತ್ಕೋ ತಾತ!" ಅಂದವನೇ ಅರ್ಧ ಮೀಸೆಯಲ್ಲೇ ಮನೆಗೆ ನಡೆದ.

ಲಕ್ಕಮ್ಮ ಎದೆ ಎದೆ ಬಡಿದುಕೊಂಡಳು. ಉಳಿದರ್ಧ ಮೀಸೆಯನ್ನು ತಾನೇ ಬೋಳಿಸಿ, ಕಿವಿ ಹಿಂಡಿ ಹೇಳಿದಳು: "ನಾಳೆ ಹಸೆಮಣೆಯಿಂದ ಏಳಬೇಡ! ಯಾರಾದರೂ ವಯಸ್ಸಾದವರು ಬಂದರೆ ಪಕ್ಕದಲ್ಲಿ ಕೂರಿಸ್ಕೋ, ನೀನು ಮಾತ್ರ ಏಳಬೇಡ!"

"ಹಂಗಾ? ಸರಿ ಕಣವ್ವ!"

ಮುಹೂರ್ತ ಹತ್ತಿರವಾಯಿತು. ವಿಡಿಯೋದವರ ನೂಕಾಟದಲ್ಲಿ ಮದುಮಗಳು ಇನ್ನೂ ಮೆಟ್ಟಿಲ ಹತ್ತಿರ ಸಿಕ್ಕಿಕೊಂಡಿದ್ದಳು. ಅಷ್ಟರಲ್ಲಿ ಅವಳ ತಾತ ಅಕ್ಷತೆ ಹಿಡಿದು ಬಂದ, ಮಂಡಿ ಹಿಡಿದು "ಉಸ್ಸಪ್ಪಾ" ಅಂದ. ಹೊನ್ನೇಗ ಸರಿದ, ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡ.

ಪುರೋಹಿತರಿಗೆ ಗಡಿಯಾರದ ಮೇಲೇ ಕಣ್ಣು. "ಹೊತ್ತಾಯಿತು! ಗಟ್ಟಿಮೇಳ! ಪಕ್ಕದಲ್ಲಿರೋರ ಕೊರಳಿಗೆ ಕಟ್ಟಪ್ಪಾ!"

ಹೊನ್ನೇಗ ಕಟ್ಟಿಯೇ ಬಿಟ್ಟ, ತಾತನ ಕೊರಳಿಗೆ!

"ಅಯ್ಯೋ, ನನಗ್ಯಾಕೋ!" ಅಂದ ತಾತ. ಓಲಗ ನಿಂತಿತು. ಹೆಣ್ಣಿನಪ್ಪ ಟವಲ್ಲು ಕೊಡವಿ, "ಮುಗೀತು! ಈ ಮದುವೆ ಬೇಡ!" ಅಂದ.

ಪುಟ್ಟತಾಯಿ ಮಾತ್ರ ಬಾಸಿಂಗ ಜಾರುವಷ್ಟು ನಕ್ಕಳು. "ಸುಮ್ನಿರಪ್ಪ! ಹೇಳಿದ ಮಾತು ಕೇಳೋ ಗಂಡ ಊರಲ್ಲಿ ಇನ್ಯಾರಿದ್ದಾರೆ? ತಾತಾ, ಏಳು ಮೇಲೆ!" ಅಂದಳು. ನೂಕಾಟ ದಾಟಿ ಬಂದು, ತಾತನ ಕೊರಳಿಂದ ತಾಳಿ ಬಿಚ್ಚಿ ಹೊನ್ನೇಗನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಕೊರಳೊಡ್ಡಿದಳು.

"ಬೇಗ ಕಟ್ಟೋ! ಈ ಸಲ ಯಾರೂ ಬಿಚ್ಚೋಕಾಗದ ಹಾಗೆ ಕಟ್ಟೋ!" ಅಂತ ಕೂಗಿದಳು ಲಕ್ಕಮ್ಮ.

ಹೊನ್ನೇಗ ಉಸಿರು ಬಿಗಿಹಿಡಿದು ಕಟ್ಟಿದ. ಮೂರು ಗಂಟೂ ಬಿತ್ತು. ಒಳಗೆ ಅವನ ತೋರುಬೆರಳೂ ಬಿತ್ತು!

"ಎಳ್ಕೊಳ್ಳೋ!"

"ಬಿಚ್ಚಬಾರದು ಅಂದೆಯಲ್ಲವ್ವ!"

ಊಟದ ಪಂಕ್ತಿಗೂ ಹಾಗೇ ಬಂದರು, ಹೆಂಡತಿಯ ಕತ್ತಿನ ಹಿಂದೆ ಗಂಡನ ಬೆರಳು. ಲಕ್ಕಮ್ಮ ಸೊಸೆಯ ಗಲ್ಲ ಹಿಡಿದು, "ತಾಯೀ, ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳವ್ವ" ಅಂದಳು.

"ನಾನ್ಯಾಕತ್ತೆ? ಬೆರಳು ಅವರದು, ಅವರೇ ಮಾಡ್ಕೊಳ್ಳಲಿ!"

"ಹಂಗಾ? ಸರಿ ಕಣೇ!" ಅಂದ ಹೊನ್ನೇಗ, ಪಂಕ್ತಿಯಲ್ಲಿ ಒಂಚೂರು ಸರಿದು ಜಾಗ ಬಿಟ್ಟ. ಮದುಮಗಳೂ ಕತ್ತಿನ ಸಮೇತ ಅವನ ಹಿಂದೆಯೇ ಸರಿದಳು.