ಶಾಲು ಹೊದಿಸೋ ತನಕ

ಇದನ್ನ ಯಾರ ಹತ್ರಾನೂ ಹೇಳ್ಬೇಡ ಅಂತ ಅಚ್ಯುತಣ್ಣ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ದ. ನಾನು ಕತೆ ಓದೋಳೇ ಹೊರತು ಹೇಳೋಳಲ್ಲ, ಅದಕ್ಕೇ ನಂಬಿ ಹೇಳಿದ್ದು. ಆದ್ರೂ ಹೇಳ್ತೀನಿ. ಇಂಥದ್ದನ್ನ ಕೇಳಿಸ್ಕೊಂಡು ಬಾಯಿ ಮುಚ್ಕೊಂಡು ಕೂತ್ರೆ ಮೈ ಉರಿಯತ್ತೆ.

ಅಚ್ಯುತ ತನ್ನ ಗುರುಗಳನ್ನ ಕೇಳಿದ: "ಗುರುಗಳೇ, ಚೆನ್ನಾಗಿ ಈಜಿ ಬಂದೋರಿಗೆ ಭೇಷ್ ಅಂದ್ರೆ ತಪ್ಪಾ?"

ಗುರುಗಳು ಸಮುದ್ರದಲ್ಲಿ ಈಜು ಕಲಿಸೋರು. ಅಚ್ಯುತ ಅವರ ಹಿರೇ ಶಿಷ್ಯ. ಅವತ್ತು ಚಳಿಗಾಲದ ಬೆಳಿಗ್ಗೆ, ಚಂಪಾ ಅನ್ನೋ ಹುಡುಗಿ ಮೊದಲ್ನೇ ಸಲ ದೂರ ಹೋಗಿ ಈಜ್ಕೊಂಡು ವಾಪಸ್ ಬಂದಿದ್ಲು. ಅವಳು ಮರಳಿಗೆ ಕಾಲಿಟ್ಟಿದ್ದೇ ತಡ, ಅಚ್ಯುತ ಓಡಿಹೋಗಿ ಅವಳ ಕೈ ಹಿಡಿದು ಮೇಲೆತ್ತಿ, ದಡದಲ್ಲಿ ನಿಂತೋರಿಗೆಲ್ಲ ತೋರಿಸ್ತಾ, "ನೋಡಿ, ಇವಳಿಗೆ ಕೈ ಬೀಸೋದು ಕಲಿಸಿದ್ದು ನಾನು!" ಅಂತ ಕೂಗಿದ. ಹುಡುಗಿ ಹಲ್ಲು ಕಟಕಟ ಅಂತಿತ್ತು. ಗುರುಗಳು ಬಂದು ಅಚ್ಯುತನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದ್ರು. ಹುಡುಗಿಗೆ ಕಂಬಳಿ ಸುತ್ತಿ, ಒಣ ಬಟ್ಟೆ ಹಾಕ್ಕೋ ಹೋಗು ಅಂತ ಕಳಿಸಿದ್ರು. ಅಷ್ಟು ಜನರ ಎದುರಿಗೆ ತಳ್ಳಿಸ್ಕೊಂಡಿದ್ದು ಅಚ್ಯುತನಿಗೆ ಅವಮಾನ ಆಗಿತ್ತು. ಅದಕ್ಕೇ ಕೇಳಿದ್ದು.

ಗುರುಗಳು "ಕೂತ್ಕೋ" ಅಂದ್ರು. ಅವನು ಕೂತ. ಅವರು ಈ ಕತೆ ಹೇಳಿದ್ರು.

ಒಂದು ಊರು. ಊರಿನ ಎದುರಿಗೆ ಸಮುದ್ರದಲ್ಲಿ ಒಂದು ಬಂಡೆ. ದೋಣಿ ಹತ್ರ ಹೋದ್ರೆ ಕಲ್ಲಿಗೆ ಬಡಿದು ಒಡೆದು ಹೋಗತ್ತೆ, ಈಜ್ಕೊಂಡೇ ಹೋಗ್ಬೇಕು. ಚಳಿಗಾಲದಲ್ಲಿ ಸಮುದ್ರ ಶಾಂತ ಆದ ಮೇಲೆ ಊರಿನೋರಲ್ಲಿ ಒಬ್ಬರು ಬೆಳಗಿನ ಜಾವ ಆ ಬಂಡೆಗೆ ಈಜಿ ಹೋಗಿ, ಊರಿನ ಹೆಸರಲ್ಲಿ ಒಂದು ತೆಂಗಿನಕಾಯಿ ಒಡೆದು ಬರ್ಬೇಕು. ಅದು ಆ ಊರಿನ ಪದ್ಧತಿ.

ಅಲ್ಲಿ ನೀರಿಗಿಂತ ದಡವೇ ಕೆಟ್ಟದ್ದು. ನೀರನ್ನ ಹೆಂಗೋ ತಡ್ಕೋಬಹುದು. ಮೇಲೆ ಬಂದ ಮೇಲೆ ಗುಡ್ಡದ ಕಡೆಯಿಂದ ಬೀಸೋ ಗಾಳಿ ಒದ್ದೆ ಮೈನ ಸುಲಿದು ಹಾಕತ್ತೆ. ಇದು ಊರಿನ ಹೆಂಗಸರಿಗೆ ಗೊತ್ತಿತ್ತು. ಹೊರಡೋ ಮುಂಚೆ ಬಿಸಿ ಗಂಜಿ ಕುಡಿಸೋರು. ನೀರಿನ ಅಂಚಿನ ತನಕ ಕಂಬಳಿ ಹೊದಿಸ್ಕೊಂಡೇ ಕರ್ಕೊಂಡು ಹೋಗೋರು. ಚಳಿ ಹಿಡಿದ ಮೈನ ನೀರಿಗೆ ಇಳಿಯೋಕೆ ಬಿಡ್ತಿರಲಿಲ್ಲ. ವಾಪಸ್ ಬರೋವಾಗ ಮೊಣಕಾಲುದ್ದ ನೀರಿಗಿಳಿದು ಕಾಯ್ತಾ ನಿಂತಿರೋರು. ಬಂದ ತಕ್ಷಣ ಮರೆಗೆ ಕರ್ಕೊಂಡು ಹೋಗಿ, ಒದ್ದೆ ಬಟ್ಟೆ ಬಿಚ್ಚಿಸಿ, ತಲೆ ಒರೆಸಿ, ಒಣ ಬಟ್ಟೆ ತೊಡಿಸಿ, ಕಿವಿ ಮುಚ್ಚೋ ಹಂಗೆ ಕಂಬಳಿ ಸುತ್ತಿ, ಬೆಲ್ಲ ಹಾಕಿದ ಗಂಜಿನ ಗುಟುಕು ಗುಟುಕಾಗಿ ಕುಡಿಸೋರು. ಮರಗಟ್ಟಿದ ಮೈಗೆ ಏಕಾಏಕಿ ಕಾವು ತಾಗಬಾರದು ಅಂತ ಬೆಂಕಿ ಹತ್ರ ಆಗಲೇ ಬಿಡ್ತಿರಲಿಲ್ಲ. ಹೆಂಗೆ ಹೋದೆ, ಹೆಂಗೆ ಬಂದೆ ಅಂತ ಕೇಳೋಕೆ ಬಂದೋರಿಗೆ ಬೈಗುಳ ಬೀಳ್ತಿತ್ತು.

ಆ ಊರಿಗೆ ಒಬ್ಬ ವ್ಯಾಪಾರಿ ಬಂದು ನೆಲೆಸಿದ. ಇದನ್ನ ನೋಡಿ ಅವನಿಗೆ ತಡ್ಕೊಳೋಕಾಗಲಿಲ್ಲ. "ಇಷ್ಟು ದೊಡ್ಡ ಸಾಹಸ ಮಾಡಿ ಬಂದೋರನ್ನ ಕೋಳಿಮರಿ ಥರ ಮುಚ್ಕೊಂಡು ಓಡ್ತೀರಲ್ಲ, ನಿಮಗೆ ಮರ್ಯಾದೆ ಗೊತ್ತಾ? ಸನ್ಮಾನ ಮಾಡ್ಬೇಕು" ಅಂದ. ಊರಿನ ಗಂಡಸರು ಹೌದಲ್ವಾ ಅಂದ್ರು. ದಡದಲ್ಲೇ ವೇದಿಕೆ ಕಟ್ಟಿದ್ರು. ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಜರಿ ಅಂಚಿನ ಒಂದು ದಪ್ಪ ಶಾಲು ಬಂತು, ಅದನ್ನ ಮಡಿಸಿ ತಟ್ಟೇಲಿಟ್ರು.

ಆ ವರ್ಷ ಈಜೋಕೆ ಹೋದೋಳು ಮೀನು ಮಾರೋ ಒಬ್ಬ ಹೆಂಗಸಿನ ಮಗಳು. ತಾಯಿಗೆ ಇರೋಳು ಅವಳೊಬ್ಬಳೇ. ತಾಯಿ ಎಂದಿನ ಹಂಗೆ ಗಂಜಿ ಕುಡಿಸಿ ಕಳಿಸಿದ್ಲು. ಮಗಳು ಬಂಡೆ ಮುಟ್ಟಿದ್ಲು, ಕಾಯಿ ಒಡೆದ್ಲು, ತಿರುಗಿ ಹೊರಟ್ಲು. ತಾಯಿ ಕಂಬಳಿನ ತಲೆ ಮೇಲಿಟ್ಕೊಂಡು ನೀರಲ್ಲಿ ನಿಂತು ಕಾಯ್ತಿದ್ಲು. ಮಗಳು ಹತ್ರ ಬಂದ್ಲು. ತಾಯಿ ಕೈ ಚಾಚೋ ಅಷ್ಟರಲ್ಲಿ ವ್ಯಾಪಾರಿ ಕಡೆಯೋರು ಮುಂದೆ ನುಗ್ಗಿ ಹುಡುಗಿನ ಎತ್ಕೊಂಡೇ ಬಿಟ್ರು.

"ಒರೆಸ್ಬೇಡ್ರೋ!" ಅಂತ ವ್ಯಾಪಾರಿ ವೇದಿಕೆ ಮೇಲಿಂದ ಕೂಗಿದ. "ನೀರು ತೊಟ್ಟಿಕ್ತಾ ಇರ್ಲಿ. ಈಜಿ ಬಂದಿದಾಳೆ ಅಂತ ಜನಕ್ಕೆ ಕಾಣ್ಬೇಡ್ವಾ?"

ಹುಡುಗಿನ ಎತ್ತರದ ಕುರ್ಚಿ ಮೇಲೆ ಕೂರಿಸಿದ್ರು. ಗಾಳಿ ನೇರವಾಗಿ ಅವಳ ಬೆನ್ನಿಗೇ ಹೊಡೀತಿತ್ತು. ತಾಯಿ ಮೆಟ್ಟಿಲು ಹತ್ತೋಕೆ ಹೋದ್ಲು. ಎದೆಗೆ ಹೂವು ಸಿಗಿಸ್ಕೊಂಡ ಒಬ್ಬ ಅಡ್ಡ ನಿಂತ.

"ಅಮ್ಮಾ, ನಿಮ್ಮ ಜಾಗ ಕೆಳಗೆ."

"ನಾನು ಅವಳ ತಾಯಿ ಕಣಪ್ಪ."

"ಗೊತ್ತಮ್ಮ. ತಾಯಿಗೂ ಒಂದು ಹೂವು ಕೊಡೋದಿದೆ, ಕೊನೇಲಿ. ಕರೀತೀವಿ."

"ಹೂವು ನೀನೇ ಇಟ್ಕೋ. ಇದನ್ನ ಅವಳಿಗೆ ಹೊದಿಸ್ಬಿಟ್ಟು ಇಳೀತೀನಿ."

ಅವನು ಕಂಬಳಿ ಕಡೆ ನೋಡಿ ಮೂಗು ಮುರಿದ. "ಮೀನಿನ ವಾಸನೆ! ಇದನ್ನ ಹೊದ್ಕೊಂಡು ವೇದಿಕೆ ಮೇಲೆ ಕೂತ್ರೆ ಚೆನ್ನಾಗಿರತ್ತಾ? ಅಲ್ಲಿ ನೋಡಿ, ಎಂಥ ಶಾಲಿದೆ."

"ಹಂಗಾದ್ರೆ ಅದನ್ನೇ ಹೊದಿಸ್ರಪ್ಪ, ಬೇಗ."

"ಅದಕ್ಕೆ ಅದರ ಹೊತ್ತು ಬರ್ಬೇಕಮ್ಮ. ಇನ್ನೂ ಪ್ರಾರ್ಥನೆನೇ ಆಗಿಲ್ಲ."

ಪ್ರಾರ್ಥನೆ ಆಯ್ತು. ಆಮೇಲೆ ಸ್ವಾಗತ. ಸ್ವಾಗತ ಮಾಡಿದೋನು ವೇದಿಕೆ ಮೇಲಿರೋರಿಗೆಲ್ಲ ಸ್ವಾಗತ ಹೇಳಿ, ಕೆಳಗಿರೋರಿಗೆ ಹೇಳಿ, ಬರದೇ ಇರೋರಿಗೂ ಹೇಳಿದ. ಹುಡುಗಿ ಗಡಗಡ ನಡುಗ್ತಾ ಕೂತಿದ್ಲು. ಕುರ್ಚಿನೂ ಅವಳ ಜೊತೆ ನಡುಗ್ತಿತ್ತು. ತಾಯಿ ಕೆಳಗಿಂದ ಸನ್ನೆ ಮಾಡಿದ್ಲು: ಎದ್ದು ಬಾ. ಹುಡುಗಿ ಪಕ್ಕದಲ್ಲಿದ್ದ ವ್ಯಾಪಾರಿ ಮುಖ ನೋಡಿ ಏಳೋಕೆ ಹೋದ್ಲು. ಅವನು ಪ್ರೀತಿಯಿಂದ ಭುಜ ಒತ್ತಿ ಕೂರಿಸಿದ.

ಆಮೇಲೆ ದೀಪ. ವ್ಯಾಪಾರಿ ದೀಪ ಹಚ್ಚಿದ. ಗಾಳಿಗೆ ಆರಿಹೋಯ್ತು. ಮತ್ತೆ ಹಚ್ಚಿದ, ಮತ್ತೆ ಆರ್ತು. ದೊಡ್ಡೋರೆಲ್ಲ ಎದ್ದು ಬಂದು ದೀಪದ ಸುತ್ತ ನಿಂತು ಕೈ ಅಡ್ಡ ಇಟ್ರು. ಆದ್ರೂ ನಿಲ್ಲಲಿಲ್ಲ. ಆಗ ಆ ಹೂವಿನೋನು ಮೆಟ್ಟಿಲು ಇಳಿದು ಓಡಿಬಂದ.

"ಅಮ್ಮಾ, ಕಂಬಳಿ ಕೊಡಿ, ಬೇಗ ಬೇಗ!"

ತಾಯಿಗೆ ಹೋದ ಜೀವ ಬಂದ ಹಂಗಾಯ್ತು. ಕೊನೆಗೂ ಬುದ್ಧಿ ಬಂತಲ್ಲಪ್ಪ ಅನ್ಕೊಂಡು ಕೊಟ್ಲು. ಕಿವಿ ಮೇಲೆ ಬರೋ ಹಂಗೆ ಹೊದಿಸು ಅಂತಾನೂ ಹೇಳಿದ್ಲು.

ಅವನು ಮೇಲೆ ಹೋಗಿ, ಇನ್ನೊಬ್ಬನ ಕೈಗೆ ಒಂದು ತುದಿ ಕೊಟ್ಟು, ಕಂಬಳಿನ ದೀಪಕ್ಕೆ ಮರೆ ಹಿಡಿದ.

ದೀಪ ನಿಂತ್ಕೊಳ್ತು. ಜನ ಚಪ್ಪಾಳೆ ತಟ್ಟಿದ್ರು.

ತಾಯಿಗೆ ಸ್ವಲ್ಪ ಹೊತ್ತು ಏನೂ ಅರ್ಥ ಆಗಲಿಲ್ಲ. ಅಷ್ಟರಲ್ಲಿ ವ್ಯಾಪಾರಿ ಮಾತಾಡೋಕೆ ನಿಂತಿದ್ದ. ಧೈರ್ಯದ ಬಗ್ಗೆ ಮಾತಾಡ್ದ, ಊರಿನ ಕೀರ್ತಿ ಬಗ್ಗೆ ಮಾತಾಡ್ದ, ತಾನು ಚಿಕ್ಕೋನಾಗಿದ್ದಾಗ ಒಂದು ಕೆರೆ ದಾಟಿದ್ದನ್ನೂ ಹೇಳಿದ. ಆಮೇಲೆ ಹುಡುಗಿ ಕಡೆ ಕೈ ತೋರಿಸಿ ಅಂದ:

"ನೋಡಿ! ಆಗ ಹೆಂಗೆ ನಡುಗ್ತಿದ್ಲು. ಈಗ ನಡುಕವೇ ಇಲ್ಲ. ಚಳಿನೇ ಗೆದ್ಬಿಟ್ಲು ನಮ್ಮ ಹುಡುಗಿ!"

ಮತ್ತೆ ಚಪ್ಪಾಳೆ.

ತಾಯಿ ಜನರನ್ನ ಸರಿಸ್ಕೊಂಡು ಮೆಟ್ಟಿಲ ಕಡೆ ಹೊರಟ್ಲು. ನಡುಕ ಇರೋ ತನಕ ಮೈ ಚಳಿ ಜೊತೆ ಜಗಳ ಆಡ್ತಿದೆ ಅಂತ. ಬಿಸಿ ತಾಗದೇನೇ ನಡುಕ ನಿಂತುಹೋದ್ರೆ ಮೈ ಸೋತು ಕೈಬಿಡ್ತು ಅಂತ. ಅದು ಆ ಊರಿನ ಯಾವ ಹೆಂಗಸಿಗೂ ಹೇಳಿಕೊಡ್ಬೇಕಾಗಿರಲಿಲ್ಲ.

"ಎರಡು ಮಾತಾಡಮ್ಮ" ಅಂದ ವ್ಯಾಪಾರಿ.

ಹುಡುಗಿ ಬಾಯಿ ತೆಗೆದ್ಲು. ನಾಲಿಗೆ ತಿರುಗಲಿಲ್ಲ. ಕುಡಿದೋರ ಥರ ಏನೋ ತೊದಲಿದ್ಲು. "ನಾಚಿಕೆ ಪಾಪ" ಅಂತ ಯಾರೋ ಅಂದ್ರು. ಎಲ್ಲಾ ನಕ್ರು.

ಹೂವಿನೋನ ಬದಲು ಮೆಟ್ಟಿಲಿಗೆ ಅಡ್ಡ ನಿಂತಿದ್ದ ಬೇರೊಬ್ಬನನ್ನ ತಾಯಿ ನೂಕಿದ್ಲು. ಅವನು ಹಣ್ಣಿನ ಬುಟ್ಟಿ ಮೇಲೆ ಬಿದ್ದ. ಅವಳು ಮೇಲೆ ಹತ್ತಿ ದೀಪದ ಹತ್ರ ಹೋಗಿ ಕಂಬಳಿಗೆ ಕೈ ಹಾಕಿದ್ಲು.

"ಏನಮ್ಮ ಇದು! ದೀಪ ಆರಿಹೋಗತ್ತೆ!" ಅಂತ ವ್ಯಾಪಾರಿ ಕಿರುಚಿದ.

"ಆರ್ಲಿ! ದೀಪಕ್ಕೆ ಊರೆಲ್ಲಾ ಸೇರಿ ಕೈ ಅಡ್ಡ ಇಟ್ರಿ. ನನ್ನ ಮಗಳಿಗೆ ಒಂದು ಕೈ ಗತಿಯಿಲ್ವಾ?"

ಕಂಬಳಿ ಎಳೆದ್ಲು. ದೀಪ ಆರಿಹೋಯ್ತು. ಅಪಶಕುನ, ಅಪಶಕುನ ಅಂತ ಜನ ಗುಜುಗುಜು ಶುರುಮಾಡಿದ್ರು. ಅವಳು ಯಾರ ಮುಖಾನೂ ನೋಡದೆ ಮಗಳಿಗೆ ಕಂಬಳಿ ಸುತ್ತಿ, ಕಂಕುಳಿಗೆ ಕೈ ಕೊಟ್ಟು, ಅರ್ಧ ಎತ್ಕೊಂಡು ಅರ್ಧ ಎಳ್ಕೊಂಡು ಮನೆಗೆ ಹೋದ್ಲು. ಬಾಗಿಲು ಹಾಕಿ ಅಗಳಿ ಜಡಿದ್ಲು.

ಒದ್ದೆ ಬಟ್ಟೆ ಬಿಚ್ಚಿ ಬಿಸಾಕಿದ್ಲು. ಮನೇಲಿದ್ದ ಒಣ ಸೀರೆನೆಲ್ಲ ಮಗಳಿಗೆ ಸುತ್ತಿದ್ಲು. ಅವಳನ್ನ ತನ್ನ ಎದೆಗೆ ಒತ್ಕೊಂಡು ಕೂತು, ಇಬ್ಬರ ಮೇಲೂ ಕಂಬಳಿ ಎಳ್ಕೊಂಡ್ಲು. ಮಗಳು ಮರದ ಕೊರಡಿನ ಹಂಗೆ ತಣ್ಣಗಿದ್ಲು. ಕಣ್ಣು ಮುಚ್ಚಿ ಮುಚ್ಚಿ ಹೋಗ್ತಿತ್ತು. ತಾಯಿ "ನಿದ್ದೆ ಮಾಡ್ಬೇಡ್ವೇ, ನಿದ್ದೆ ಮಾಡ್ಬೇಡ" ಅಂತ ಕಿವೀಲಿ ಹೇಳ್ತಾನೇ ಇದ್ಲು.

ಅಷ್ಟರಲ್ಲಿ ಬಾಗಿಲು ತಟ್ಟಿದ್ರು.

"ತೆಗಿಯಮ್ಮ, ನಾನು." ವ್ಯಾಪಾರಿ. ಅವನ ಹಿಂದೆ ಊರೇ ಬಂದಿತ್ತು. ತಟ್ಟೇಲಿ ಶಾಲು. "ಸನ್ಮಾನ ಅರ್ಧಕ್ಕೆ ನಿಂತಿದೆ. ದೀಪ ಬೇರೆ ಆರಿದೆ. ಊರಿಗೆ ಒಳ್ಳೇದಲ್ಲ. ಶಾಲು ಹೊದಿಸ್ಬಿಟ್ಟು ಹೋಗ್ತೀವಿ, ಒಂದು ಗಳಿಗೆ ಕೆಲಸ."

ತಾಯಿ ಎದ್ದು ಹೋಗಿದ್ರೆ ಮಗಳ ಮೈಗೆ ತಾಗಿದ್ದ ಅಷ್ಟಿಷ್ಟು ಬಿಸಿನೂ ಹೋಗ್ತಿತ್ತು. ಅವಳು ಏಳಲಿಲ್ಲ.

ಪಕ್ಕದ ಮನೆಯೋಳು ಜಗುಲಿ ಮೇಲಿಂದ ಅಂದ್ಲು: "ಸಾಹುಕಾರ್ರೇ, ಒಳಗೆ ಹುಡುಗಿ ಸಾಯ್ತಿದಾಳೆ. ಆ ಶಾಲು ಕಿಟಕೀಲಿ ಒಳಗೆ ಹಾಕಿ. ದಪ್ಪಗಿದೆ, ಉಪಯೋಗಕ್ಕಾದ್ರೂ ಬರತ್ತೆ."

ವ್ಯಾಪಾರಿಗೆ ಸಿಟ್ಟು ಬಂತು. "ಸನ್ಮಾನ ಅಂದ್ರೆ ಕಿಟಕೀಲಿ ಬಿಸಾಕೋದಾ? ಎದುರಿಗೆ ನಿಂತು ನಾನೇ ಹೊದಿಸ್ಬೇಕು. ನಾಲ್ಕು ಜನ ನೋಡ್ಬೇಕು." ಶಾಲನ್ನ ಬಿಗಿಯಾಗಿ ಹಿಡ್ಕೊಂಡು ಮತ್ತೆ ಬಾಗಿಲು ತಟ್ಟಿದ.

ಒಳಗೆ ತುಂಬಾ ಹೊತ್ತಿನ ಮೇಲೆ ಮಗಳ ಮೈ ಒಂದು ಸಲ ಅದುರಿತು. ಆಮೇಲೆ ಬಿಡದೆ ನಡುಗೋಕೆ ಶುರುವಾಯ್ತು. ತಾಯಿ ಇನ್ನೂ ಬಿಗಿಯಾಗಿ ತಬ್ಕೊಂಡ್ಲು. ನಡುಗಿ ನಡುಗಿ ಸಾಕಾದ ಮೇಲೆ ಮಗಳು ಬಾಯಿ ಬಿಟ್ಲು. ಮಾತು ತೊದಲಲಿಲ್ಲ.

"ಅಮ್ಮ, ಕಾಲು ಉರೀತಿದೆ."

"ಉರೀಲಿ ಕಣೇ, ಉರೀಲಿ" ಅಂತ ತಾಯಿ ಅತ್ಲು.

ಹೊರಗೆ ವ್ಯಾಪಾರಿ ತಟ್ತಾನೇ ಇದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದ್ರು. ಅಚ್ಯುತ ಮುಷ್ಟಿ ಬಿಗಿ ಹಿಡ್ಕೊಂಡು ಕೇಳ್ತಿದ್ದ. ಅವನ ಮುಖ ಕೆಂಪಾಗಿತ್ತು.

"ಎಂಥ ಮನುಷ್ಯ ಗುರುಗಳೇ ಅವನು! ಆಮೇಲೆ ಬಾಗಿಲು ತೆಗೆದ್ರಾ?"

ಗುರುಗಳು ಅಂದ್ರು: "ಹೊರಗೆ ನಿಂತು ತಟ್ತಾ ಇರೋನು ನೀನು, ನನ್ನನ್ನ ಯಾಕೆ ಕೇಳ್ತೀಯ?"