ಒಂದೇ ಎಲೆ

ಶಾಮರಾಯರು ತೀರಿಕೊಂಡ ನಾಲ್ಕನೇ ದಿನಕ್ಕೆ ಅವರ ಹೆಂಡತಿ ವೆಂಕಮ್ಮನೂ ಹೋಗಿಬಿಟ್ಟರು. ಮರುವರ್ಷ ಮಕ್ಕಳು ಇಬ್ಬರ ತಿಥಿಯನ್ನೂ ಒಟ್ಟಿಗೆ ಮಾಡಿ, ಹಿತ್ತಲಲ್ಲಿ ಒಂದೇ ಎಲೆಗೆ ಬಡಿಸಿ ಕಾಗೆಯನ್ನು ಕರೆದರು. ವೆಂಕಮ್ಮ ದಿನವೂ ಹಾಕುತ್ತಿದ್ದ ತುತ್ತು ತಿಂದೇ ಬೆಳೆದ ಕಾಗೆ ಗೋಡೆಯಿಂದ ಇಳಿಯಲಿಲ್ಲ.

"ಅಪ್ಪನಿಗೆ ಇಷ್ಟವಾದದ್ದೆಲ್ಲ ಇದೆಯಲ್ಲ, ಯಾಕೆ ಮುಟ್ಟುತ್ತಿಲ್ಲ?" ಎಂದ ಹಿರಿಮಗ.

"ಇಬ್ಬರಿಗೂ ಸೇರಿ ಒಂದೇ ಎಲೆ ಯಾಕೆ?" ಎಂದು ಕೇಳಿತು ಕಾಗೆ.

"ಐವತ್ತು ವರ್ಷ ಅವರು ಉಂಡದ್ದೇ ಒಂದೇ ಎಲೆಯಲ್ಲಿ. ಅಂಥ ಜೋಡಿ ಅವರದು."

ಕಾಗೆಗೆ ಮೈಯೆಲ್ಲ ಉರಿದುಹೋಯಿತು. "ರಾಯರು ಉಂಡು ಎದ್ದಮೇಲೆ ಅದೇ ಎಂಜಲೆಲೆಗೆ ವೆಂಕಮ್ಮ ಕೂರುತ್ತಿದ್ದರು. ಮಿಕ್ಕದ್ದರಲ್ಲೇ ನನಗೂ ಒಂದು ತುತ್ತು ಹಾಕುತ್ತಿದ್ದರು. ಸತ್ತಮೇಲೂ ಆಕೆ ಗಂಡ ಏಳುವುದನ್ನೇ ಕಾಯಬೇಕೇನಯ್ಯಾ? ಬೇರೆ ಎಲೆ ಹಾಕು. ಆಕೆಗೆ ಇಷ್ಟವಾದದ್ದನ್ನು ಬಡಿಸು. ಆಮೇಲೆ ಇಳಿಯುತ್ತೇನೆ."

ಹಿರಿಮಗ ತಲೆ ತಗ್ಗಿಸಿ ಹೊಸ ಎಲೆ ಹಾಸಿದ. ಸೌಟು ಕೈಗೆತ್ತಿಕೊಂಡು ತಮ್ಮನ ಮುಖ ನೋಡಿದ. ತಮ್ಮ ತಂಗಿಯ ಮುಖ ನೋಡಿದ. ಎಲೆ ಬಿಸಿಲಿಗೆ ಬಾಡತೊಡಗಿತು. ಕೊನೆಗೆ ಮೂವರೂ ಕತ್ತೆತ್ತಿ ಕಾಗೆಯನ್ನೇ ಕೇಳಿದರು: "ಅಮ್ಮನಿಗೆ ಏನು ಇಷ್ಟವಿತ್ತು?"

"ಯಾವುದಾದರೂ ಸರಿ," ಎಂದಿತು ಕಾಗೆ. "ಬಿಸಿಯಾಗಿದ್ದರೆ ಸಾಕಿತ್ತು."